ಚಕ್ರದ ಕೆಳಗಿಡದ ನಿಂಬೆಹಣ್ಣು

ಮುನಿಯಣ್ಣ ಬಸ್ಸು ಹತ್ತುವ ಮುಂಚೆ ಅದರ ಸುತ್ತ ಒಂದು ಸುತ್ತು ಬರುತ್ತಾನೆ. ಕೈಯಲ್ಲಿ ಮೊಳದುದ್ದದ ಕಬ್ಬಿಣದ ರಾಡು. ಒಂದೊಂದು ಟೈರಿಗೂ ತಟ್ಟಿ ಕಿವಿಗೊಡುತ್ತಾನೆ. ಗಾಳಿ ಸರಿಯಾಗಿದ್ದರೆ ರಾಡು ಪುಟಿಯುತ್ತದೆ, ಇಲ್ಲದಿದ್ದರೆ ಸದ್ದು ಅಲ್ಲೇ ಸತ್ತುಬೀಳುತ್ತದೆ. ದೂರದಿಂದ ನೋಡಿದವರು ಪ್ರದಕ್ಷಿಣೆ ಹಾಕುತ್ತಿದ್ದಾನೆ ಅಂದುಕೊಳ್ಳಬೇಕು. ಪ್ರದಕ್ಷಿಣೆ ಹಾಕುವ ಆಸಾಮಿ ಅವನಲ್ಲ.

ಇಟ್ಟಮಡುವಿನಲ್ಲಿ ಅವನ ಮನೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಕೆಳಗೆ ಗ್ಯಾಸ್ ಕಂಪನಿಯವರು ಕೊಟ್ಟ ಕ್ಯಾಲೆಂಡರು. ಹೆಂಡತಿ ರುದ್ರಮ್ಮ ಯಡಿಯೂರು ಕೆರೆಯ ಹತ್ತಿರ ಬೆಳಗಿನ ವಾಕಿಂಗಿನವರಿಗೆ ರಾಗಿ ಅಂಬಲಿ ಮಾರುತ್ತಾಳೆ. ನಮ್ಮ ದಲಿತ ಚಳವಳಿಯ ಕಾಲದಲ್ಲಿ ಹಳ್ಳಿಹಳ್ಳಿಯಿಂದ ಜನ ತುಂಬಿಕೊಂಡು ಬರುತ್ತಿದ್ದ ಲಾರಿಯ ಡ್ರೈವರ್ ಇವನೇ. ನಾವು ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುತ್ತಿದ್ದಾಗ ಇವನು ಲಾರಿಯ ನೆರಳಲ್ಲಿ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಭಾಷಣ ಮಾಡಿದವರಲ್ಲಿ ಎಷ್ಟೋ ಮಂದಿ ಆಮೇಲೆ ಸಿಕ್ಕಸಿಕ್ಕ ಪಕ್ಷದ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಇವನು ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಆಡಿದ ಮಾತಿಗೆ ನಿಂತ. ಅವತ್ತಿನಿಂದ ಗಾಡಿಗೆ ಪೂಜೆಯಿಲ್ಲ, ಕನ್ನಡಿಗೆ ಕರಿದಾರವಿಲ್ಲ, ಚಕ್ರದ ಕೆಳಗೆ ನಿಂಬೆಹಣ್ಣಿಲ್ಲ.

ಈಗ ಅವನು ಓಡಿಸುವುದು ಯಡಿಯೂರು ಸಿಟಿ ಫುಟ್‌ಬಾಲ್ ಕ್ಲಬ್ಬಿನ ಬಸ್ಸು. ಕ್ಲಬ್ಬಿನ ಯಜಮಾನ ಬೈರಣ್ಣ. ಒಂದು ಕಾಲದಲ್ಲಿ ಯಡಿಯೂರಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ, ಈಗ ಅದೇ ಹೊಲದ ಮೇಲೆ ಎದ್ದ ಕಟ್ಟಡಗಳ ಬಾಡಿಗೆಯಲ್ಲಿ ಬದುಕುತ್ತದೆ. ಚಿಕ್ಕಂದಿನಲ್ಲಿ ಕೆರೆಯಂಗಳದಲ್ಲಿ ಬರಿಗಾಲಲ್ಲಿ ಚೆಂಡು ಒದ್ದ ಹುಚ್ಚು ಬೈರಣ್ಣನಿಗೆ ಇಳಿಯಲೇ ಇಲ್ಲ. ವಸಂತಪುರದ ಆಚೆ ಮೈದಾನ ಮಾಡಿಸಿ, ಹುಡುಗರಿಗೆ ಸಂಬಳ ಕೊಟ್ಟು, ತಂಡವನ್ನು ರಾಜ್ಯದ ಮೇಲಿನ ಲೀಗಿಗೆ ತಂದ. ಆಟದ ದಿನ ಬಸ್ಸು ಕನಕಪುರ ರಸ್ತೆ ಹಿಡಿದು, ಬನಶಂಕರಿ, ಸೌತ್ ಎಂಡ್ ದಾಟಿ ಅಶೋಕನಗರದ ಸ್ಟೇಡಿಯಮ್ಮಿಗೆ ಹೋಗಬೇಕು. ಆ ದಾರಿಯ ಒಂದೊಂದು ಹಂಪನ್ನೂ ಮುನಿಯಣ್ಣ ಮಲಗಿದ ಮಗುವನ್ನು ದಾಟುವ ಹಾಗೆ ದಾಟಿಸುತ್ತಿದ್ದ.

ಈ ಸಲದ ಲೀಗ್ ಶುರುವಾದದ್ದೇ ಸೋಲಿನಿಂದ. ಒಂದಾದ ಮೇಲೊಂದು ಸೋತರು. ಒಂದು ಆಟದಲ್ಲಂತೂ ಗೋಲ್‌ಕೀಪರ್ ಚಿರಂತ್ ಕೈಗೆ ಬಂದ ಚೆಂಡನ್ನು ತನ್ನದೇ ಗೋಲಿನೊಳಕ್ಕೆ ಬಿಟ್ಟುಕೊಂಡ. ವಸಂತಪುರದ ಹುಡುಗ, ಆರಡಿ ಎತ್ತರ, ಆದರೆ ಆಟದ ದಿನ ಹೆದರಿಕೆಗೆ ಹೊಟ್ಟೆ ತೊಳಸುತ್ತದೆ. ಬಸ್ಸು ಕುಲುಕಿದರೆ ಮುಗಿಯಿತು, ವಾಂತಿ. ಅದಕ್ಕೇ ಅವನು ಯಾವಾಗಲೂ ಡ್ರೈವರ್ ಹಿಂದಿನ ಸೀಟು.

ಸೋತ ತಂಡ ಆಡಿದ್ದನ್ನು ಬಿಟ್ಟು ಬಾಕಿಯದನ್ನೆಲ್ಲ ಯೋಚಿಸುತ್ತದೆ. ಸಾಕ್ಸ್ ಬದಲಾಯಿಸಿದರು, ಗಡ್ಡ ಬಿಟ್ಟರು. ಕೊನೆಗೆ ಬಸ್ಸಿನ ಮೇಲೆ ಕಣ್ಣು ಬಿತ್ತು. ಬೇರೆ ತಂಡಗಳ ಬಸ್ಸು ಹೊರಡುವಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ನಮ್ಮ ಬಸ್ಸಿಗೆ ಯಾರು ಇಡುತ್ತಾರೆ?

ಮೈದಾನದ ಗೇಟಿನ ಹತ್ತಿರ ಬೈರಣ್ಣ ಮುನಿಯಣ್ಣನನ್ನು ಕರೆದ.

“ಮುನಿಯಾ, ಹುಡುಗ್ರು ಮನಸ್ಸಿಗೆ ಹಚ್ಕೊಂಡವ್ರೆ. ನಾಲ್ಕು ನಿಂಬೆಹಣ್ಣು ಇಟ್ಟು ಗಾಡಿ ಎತ್ತು.”

“ಆಗಲ್ಲ ಬೈರಣ್ಣೋರೆ.”

“ನಿನ್ ಗಂಟೇನ್ ಹೋಯ್ತದೆ? ನಮ್ಮನೆ ಲಾರಿ ನಿಂಬೆಹಣ್ಣು ನಿಮ್ಮಪ್ಪ ಎತ್ತಾಕ್ತಿರ್ಲಿಲ್ವಾ?”

“ಅದಕ್ಕೇ ನಾನು ಇಡಲ್ಲ.”

ಬೈರಣ್ಣನಿಗೂ ನೆನಪಿತ್ತು. ಆ ಮನೆಗೆ ಹೊಸ ಲಾರಿ ಬಂದಾಗೆಲ್ಲ ಕೇರಿಯಿಂದ ಮುನಿಯಣ್ಣನ ಅಪ್ಪನನ್ನು ಕರೆಸುತ್ತಿದ್ದರು. ಮಂತ್ರ ಹೇಳುವವರು ಬೇರೆ, ಆರತಿ ಎತ್ತುವವರು ಬೇರೆ. ಇಳಿ ತೆಗೆದ ಕುಂಬಳಕಾಯಿಯ ಹೋಳು, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು ಬಾಚಿಕೊಂಡು ಹೋಗಿ ಮೂರುದಾರಿಯಲ್ಲಿ ಬಿಸಾಡುವುದಕ್ಕೆ ಮಾತ್ರ ಅವನು. ಮನೆಯ ದೃಷ್ಟಿಯೆಲ್ಲ ಅವನ ಕೈಗೆ ಅಂಟಲಿ ಅಂತ. ಜೊತೆಗೆ ಹೋಗುತ್ತಿದ್ದ ಮಗ ಕುಂಬಳಕಾಯಿಯ ತಿರುಳಿನಲ್ಲಿ ಸಿಕ್ಕಿದ ಚಿಲ್ಲರೆ ಕಾಸನ್ನು ಚಡ್ಡಿಗೆ ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಖುಷಿಯಲ್ಲೇ ಹಾಕಿಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ ಆ ಖುಷಿ ನೆನೆದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೈರಣ್ಣ ಕೆಟ್ಟವನಲ್ಲ. ಆದರೆ ಸೋಲುತ್ತಿರುವ ಯಜಮಾನ. ಬಸ್ಸಿಗೆ ಬೇರೊಬ್ಬ ಡ್ರೈವರನ್ನು ತಂದ. ಮುನಿಯಣ್ಣನನ್ನು ಬಿಡಿಸಲಿಲ್ಲ, ಚೆಂಡು, ಜರ್ಸಿ, ನೀರಿನ ಕ್ಯಾನು ಹೊರುವ ಟೆಂಪೋಗೆ ಹಾಕಿದ. ಹೊಸ ಡ್ರೈವರ್ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಕರ್ಪೂರ ಹಚ್ಚಿ, ಹಾರ್ನ್ ಒತ್ತಿ ಹೊರಟ.

ತಂಡ ಗೆದ್ದುಬಿಟ್ಟಿತು!

ಅವತ್ತು ರುದ್ರಮ್ಮ ಮುದ್ದೆ ಬಡಿಸುತ್ತಾ ಗಂಡನ ಮುಖ ನೋಡಿದಳು.

“ಗೆದ್ರಂತೆ?”

“ಹ್ಞೂಂ.”

“ನಿಂಗೆ ಖುಷಿ ಆಯ್ತೋ ಸಂಕಟ ಆಯ್ತೋ?”

“ಎರಡೂ ಆಯ್ತು ಕಣೇ. ಮೊದ್ಲು ಖುಷಿ ಆಯ್ತು.”

“ಅಷ್ಟು ಸಾಕು ಬಿಡು. ಸಾರು ಹಾಕ್ಲಾ?”

ಆ ಗೆಲುವಿನಲ್ಲಿ ಚಿರಂತ್ ಆಡಿರಲಿಲ್ಲ. ಹೊಸ ಡ್ರೈವರ್ ಬಸ್ಸನ್ನು ಕುದುರೆ ಓಡಿಸಿದ ಹಾಗೆ ಓಡಿಸುತ್ತಿದ್ದ, ಸಿಗ್ನಲ್ ಹತ್ತಿರ ಬಂದ ಮೇಲೆಯೇ ಬ್ರೇಕು. ಚಿರಂತ್ ದಾರಿಯುದ್ದಕ್ಕೂ ಕಕ್ಕಿ, ಸ್ಟೇಡಿಯಮ್ಮಿನಲ್ಲಿ ನಿಲ್ಲಲೂ ಆಗದೆ ಬೆಂಚಿನ ಮೇಲೆ ಒರಗಿದ್ದ. ಎರಡನೇ ಕೀಪರ್ ಆಡಿದ. ಆಮೇಲಿನ ಆಟಗಳಲ್ಲಿ ಗೆಲುವು ಸೋಲು ಎರಡೂ ಬಂದವು. ನಿಂಬೆಹಣ್ಣು ಮಾತ್ರ ತಪ್ಪಲಿಲ್ಲ. ಲೀಗಿನ ಕೊನೆಗೆ ತಂಡ ಕೆಳಗಿನ ಡಿವಿಷನ್ನಿಗೆ ಬೀಳದೆ ಹೇಗೋ ಉಳಿದುಕೊಂಡಿತು. ಇನ್ನು ಬಾಕಿ ಇದ್ದದ್ದು ಕಪ್ ಪಂದ್ಯಾವಳಿ. ಅಲ್ಲಿ ಒಂದು ಸಲ ಸೋತರೆ ಮನೆಗೆ. ಅದರಲ್ಲಿ ತಿಣುಕಾಡಿ ಸೆಮಿಫೈನಲ್ ಮುಟ್ಟಿದರು. ಅಷ್ಟರಲ್ಲಿ ಎರಡನೇ ಕೀಪರ್ ಬೆರಳು ಮುರಿದುಕೊಂಡ.

ಸೆಮಿಫೈನಲ್ ದಿನ ಟೆಂಪೋಗೆ ಚೆಂಡಿನ ಚೀಲ ಏರಿಸುತ್ತಿದ್ದಾಗ ಚಿರಂತ್ ಬಂದು ನಿಂತ.

“ಅಣ್ಣ, ನಾನು ನಿಮ್ ಜೊತೆ ಬರ್ಲಾ?”

“ಯಾಕೋ, ಬಸ್ಸಲ್ಲಿ ಎಸಿ ಐತಲ್ಲ.”

“ಎಸಿ ಇದ್ರೆ ಏನಣ್ಣ, ಆವಯ್ಯ ಬ್ರೇಕ್ ಹೊಡೆದ್ರೆ ಕರುಳು ಬಾಯಿಗೆ ಬರುತ್ತೆ.”

“ಹತ್ತು. ಕಾಲತ್ರ ಕ್ಯಾನು ಐತೆ, ನೋಡ್ಕೊ.”

ಯಡಿಯೂರಿನ ಹತ್ತಿರ ಬಂದಾಗ ಮುನಿಯಣ್ಣ ಟೆಂಪೋ ನಿಲ್ಲಿಸಿ, ರುದ್ರಮ್ಮನ ಗಾಡಿಯಿಂದ ಒಂದು ನಿಂಬೆಹಣ್ಣು ಇಸಿದುಕೊಂಡ. ಅಂಬಲಿಗೆ ಹಿಂಡಲು ಅವಳು ಇಟ್ಟುಕೊಂಡಿರುತ್ತಾಳೆ.

“ತಗೋ. ಉಗುರಲ್ಲಿ ಗೀರಿ ಮೂಸ್ತಾ ಕೂತ್ಕೊ. ನನ್ ಲಾರೀಲಿ ಬರ್ತಿದ್ದ ಮುದುಕೀರ್ಗೆಲ್ಲ ಇದೇ ಔಷ್ದಿ.”

“ಸೊಂಟ ನೆಟ್ಟಗ್ ಮಾಡ್ಕೊಂಡು ಕೂತ್ಕೊಳಪ್ಪಾ,” ಎಂದಳು ರುದ್ರಮ್ಮ. “ಹೆದರ್ಕೋಬ್ಯಾಡ. ಚೆಂಡು ತಾನೇ ಬರೋದು, ಹುಲಿ ಅಲ್ವಲ್ಲ.”

ಚಿರಂತ್ ನಿಂಬೆಹಣ್ಣು ಮೂಸುತ್ತಾ ಕೂತ. ಲಾಲ್‌ಬಾಗ್ ದಾಟಿದರೂ ಹೊಟ್ಟೆ ಕದಲಲಿಲ್ಲ. ಸ್ಟೇಡಿಯಮ್ಮಿನ ಗೇಟಿನಲ್ಲಿ ನಿಂಬೆಹಣ್ಣು ಹಿಡಿದೇ ಕೆಳಗಿಳಿದ.

ಅಲ್ಲೇ ಎಡವಟ್ಟಾಯಿತು. ಬಸ್ಸಿನಿಂದ ಇಳಿಯುತ್ತಿದ್ದ ಹುಡುಗರು ನೋಡಿದರು. “ಗುರು, ಮುನಿಯಣ್ಣ ನಿಂಬೆಹಣ್ಣು ತಂದವ್ರೆ!” ಅಂತ ಒಬ್ಬ ಕೂಗಿದ. ಉಳಿದವರು ಬಂದು ಮುತ್ತಿಕೊಂಡರು. ಒಬ್ಬ ಅದನ್ನು ಕಣ್ಣಿಗೊತ್ತಿಕೊಂಡ. ಇನ್ನೊಬ್ಬ ಬೂಟಿಗೆ ಮುಟ್ಟಿಸಿಕೊಂಡ. ಎಂದೂ ಬಗ್ಗದ ಮನುಷ್ಯನೇ ನಮಗೋಸ್ಕರ ಬಗ್ಗಿದ್ದಾನೆ ಅನ್ನುವ ಹುರುಪು ಅವರಿಗೆ. ಮುನಿಯಣ್ಣ ಬಾಯಿ ತೆರೆಯುವುದರೊಳಗೆ ಅವರು ಒಳಗೆ ಓಡಿದ್ದರು.

ಅವತ್ತು ಚಿರಂತ್ ಗೋಡೆಯ ಹಾಗೆ ನಿಂತ. ತಂಡ ಫೈನಲ್ ಮುಟ್ಟಿತು. ಬೈರಣ್ಣ ಬಂದು ಮುನಿಯಣ್ಣನ ಭುಜ ಹಿಡಿದ. ಅಷ್ಟು ವರ್ಷದಲ್ಲಿ ಅವನು ಭುಜ ಹಿಡಿದದ್ದು ಅದೇ ಮೊದಲು.

“ಕೊನೆಗೂ ಮನಸ್ಸು ಮಾಡ್ದಲ್ಲ ಮುನಿಯಾ. ಫೈನಲ್‌ಗೆ ಬಸ್ಸು ನೀನೇ ಎತ್ತು. ಇನ್ಮೇಲೂ ನೀನೇ.”

ಮುನಿಯಣ್ಣನಿಗೆ ಅದು ಬೇಕಾಗಿತ್ತು. ಬೇಕಾಗಿರಲಿಲ್ಲ ಅಂದರೆ ಸುಳ್ಳು. ಆ ಸ್ಟೇರಿಂಗು, ಹಿಂದೆ ಹುಡುಗರ ಗಲಾಟೆ, ಕನ್ನಡಿಯಲ್ಲಿ ಕಾಣುವ ಅವರ ಮುಖಗಳು. ಮಕ್ಕಳಿಲ್ಲದ ಮನೆ ಅವನದು. ಮನೆಗೆ ಬಂದು ರುದ್ರಮ್ಮನಿಗೆ ಹೇಳಿದ.

“ಸುಮ್ನಿರು,” ಎಂದಳು. “ನೀನೇನು ಸುಳ್ಳು ಹೇಳಿಲ್ವಲ್ಲ. ಅವ್ರೇ ಅಂದ್ಕೊಂಡ್ರು, ಅಂದ್ಕೊಳ್ಲಿ.”

“ಬಾಯ್ಮುಚ್ಕೊಂಡಿದ್ರೆ ಇಟ್ಟಂಗೇ ಅಲ್ವೇನೇ?”

ರುದ್ರಮ್ಮ ಬುದ್ಧನ ಫೋಟೋದ ಮೇಲಿನ ಧೂಳು ಒರೆಸಿದಳು. ಒರೆಸಿ ಮುಗಿದ ಮೇಲೆ, “ಫೈನಲ್‌ಗೆ ನಾನೂ ಬರ್ತೀನಿ. ಕೆಲ್ಸ ಹೋಗೋದೇ ಆದ್ರೆ ಕಣ್ಣಾರೆ ನೋಡ್ತೀನಿ,” ಎಂದಳು.

ಫೈನಲ್ ಭಾನುವಾರ. ಹುಡುಗರೆಲ್ಲ ಬಸ್ಸಿನೊಳಗೆ ಕೂತಿದ್ದರು. ಮುನಿಯಣ್ಣ ರಾಡು ಹಿಡಿದು ಸುತ್ತು ಬಂದ. ಕೊನೆಯ ಟೈರಿಗೆ ತಟ್ಟಿ ತಲೆಯೆತ್ತಿದರೆ ಎದುರಿಗೆ ಬೈರಣ್ಣ, ಕೈಯಲ್ಲಿ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ದಪ್ಪದಪ್ಪ ನಿಂಬೆಹಣ್ಣು.

“ಬೈರಣ್ಣೋರೆ, ಅವತ್ತು ನಾನು ತಂದಿದ್ದು ವಾಂತಿಗೆ. ಚಿರಂತ್ ಮೂಸ್ಲಿ ಅಂತ. ಚಕ್ರಕ್ಕಲ್ಲ.”

“ಏನಂದೆ?”

“ಇವತ್ತೂ ಇಡಲ್ಲ. ನೀವು ಇಟ್ರೆ ಅದರ ಮೇಲೆ ಗಾಡಿ ಹತ್ಸೋದೂ ಇಲ್ಲ.” ಕೀಲಿಯನ್ನು ನಿಂಬೆಹಣ್ಣುಗಳ ಪಕ್ಕ ತಟ್ಟೆಯಲ್ಲಿಟ್ಟ. “ನಾನು ಟೆಂಪೋ ತರ್ತೀನಿ. ಹೊತ್ತಾಗುತ್ತೆ, ಹೊಸ ಡ್ರೈವರ್‌ಗೆ ಹೊರಡಕ್ ಹೇಳಿ.”

ಬಸ್ಸಿನ ಕಿಟಕಿಗಳು ಒಂದೊಂದಾಗಿ ಸರಿದವು. ಚಿರಂತ್ ಬ್ಯಾಗು ಹೆಗಲಿಗೇರಿಸಿ ಕೆಳಗಿಳಿದ.

“ಸಾರ್, ನಾನೂ ಟೆಂಪೋಲೇ ಬರ್ತೀನಿ.”

ಹಿಂದೆಯೇ ಕ್ಯಾಪ್ಟನ್ ರವಿಕುಮಾರ್ ಇಳಿದ. “ಕೀಪರ್ ಇಲ್ದೆ ನಾನೇನ್ ಮಾಡ್ಲಿ ಸಾರ್? ನಾನೂ ಟೆಂಪೋನೇ.”

“ಟೀಮ್ ಪೂರ್ತಿ ಟೆಂಪೋ ಹತ್ತಿ ಚೆಂಡಿನ ಚೀಲದಲ್ಲಿ ಕೂತ್ಕೊಳ್ರಲಾ!” ಬೈರಣ್ಣ ರೇಗಿದ. ಬಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕರು. ಬೈರಣ್ಣ ತಟ್ಟೆ ಹಿಡಿದು ನಿಂತೇ ಇದ್ದ. ನಿಂಬೆಹಣ್ಣು ನೋಡಿದ, ರಾಡು ಹಿಡಿದ ಮುನಿಯಣ್ಣನ ಕೈ ನೋಡಿದ. ಅವನ ಅಪ್ಪನದೇ ಕೈ, ಅದೇ ಗೆಣ್ಣು.

ಪಕ್ಕದಲ್ಲಿ ನಿಂತಿದ್ದ ರುದ್ರಮ್ಮ ಹೋಗಿ ತಟ್ಟೆಗೆ ಕೈ ಚಾಚಿದಳು. “ಕೊಡೀ ಇಲ್ಲಿ. ಸುಮ್ನೆ ಹಾಳ್ಮಾಡ್ಬೇಡಿ. ಹುಡುಗ್ರಿಗೆ ಶರಬತ್ತು ಮಾಡ್ತೀನಿ, ಬಿಸ್ಲು ನೋಡಿ ಹೆಂಗೈತೆ.”

ಬೈರಣ್ಣ ಕೀಲಿ ಎತ್ತಿಕೊಂಡು ತಟ್ಟೆಯನ್ನು ಅವಳಿಗೆ ಕೊಟ್ಟ. ಕೀಲಿಯನ್ನು ಮುನಿಯಣ್ಣನ ಕೈಗೆ ಹಾಕಿದ.

“ಸೋತ್ರೆ ಮಾತಾಡೋಣ,” ಎಂದ.

ಸೋತರು. ಒಂದೇ ಗೋಲು, ಅದೂ ಆಟ ಮುಗಿಯುವ ಹೊತ್ತಿಗೆ. ಚಿರಂತ್ ಹಾರಿದ, ಬೆರಳ ತುದಿಗೆ ತಾಗಿಸಿಕೊಂಡ, ಚೆಂಡು ಕಂಬಕ್ಕೆ ಬಡಿದು ಒಳಗೆ ಬಿತ್ತು. ಆಡಿದವರಿಗೂ ಗೊತ್ತು, ನೋಡಿದವರಿಗೂ ಗೊತ್ತು, ತಪ್ಪು ಯಾರದೂ ಇರಲಿಲ್ಲ. ಎದುರಿನವರು ಚೆನ್ನಾಗಿ ಆಡಿದರು. ಎದುರಿನವರು ಚೆನ್ನಾಗಿ ಆಡಬಹುದು ಅನ್ನುವುದನ್ನು ಒಪ್ಪಿಕೊಳ್ಳಲು ನಮ್ಮ ಜನಕ್ಕೆ ಯಾಕೋ ಬಲು ಕಷ್ಟ.

ಹೊತ್ತು ಮುಳುಗುವಾಗ ಬಸ್ಸು ವಾಪಸು ಹೊರಟಿತು. ರುದ್ರಮ್ಮ ಮುಂದಿನ ಸೀಟಿನಲ್ಲಿ ಖಾಲಿ ಶರಬತ್ತಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಪಕ್ಕ ಬೈರಣ್ಣ. ಸೌತ್ ಎಂಡ್ ಹತ್ತಿರ ಹಿಂದಿನಿಂದ ಒಬ್ಬ ಗೊಣಗಿದ.

“ಇಟ್ಟಿದ್ರೆ ಗೆಲ್ತಿದ್ವೇನೋ.”

ಮುನಿಯಣ್ಣ ಸ್ಟೇರಿಂಗ್ ಬಿಗಿ ಹಿಡಿದ. ಆ ಮಾತು ಬರುತ್ತದೆ ಅಂತ ಅವನಿಗೆ ಬೆಳಗ್ಗೆಯೇ ಗೊತ್ತಿತ್ತು.

“ಲೀಗಲ್ಲಿ ಇಟ್ಟೂ ಸೋತಿಲ್ವಾ ಮಗಾ?” ರವಿಕುಮಾರ್ ದನಿ. “ಮುನಿಯಣ್ಣ ಓಡ್ಸಿದ್ರೆ ಸೋತ್ರೂ ತಿಂದಿದ್ದು ಹೊಟ್ಟೇಲಿರುತ್ತೆ. ಮುಚ್ಕೊಂಡು ಮಲ್ಕೊ.”

ಯಾರೋ ನಕ್ಕರು. ಆಮೇಲೆ ಇನ್ನೂ ಇಬ್ಬರು. ಬೈರಣ್ಣ ನಗಲಿಲ್ಲ. ಬನಶಂಕರಿ ಬಸ್ ಸ್ಟ್ಯಾಂಡ್ ದಾಟುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದ. ಮುನಿಯಣ್ಣ ಕಾಯುತ್ತಿದ್ದ, ಸೋತ್ರೆ ಮಾತಾಡೋಣ ಅಂದಿದ್ದನಲ್ಲ.

“ಮುನಿಯಣ್ಣ,” ಎಂದ ಬೈರಣ್ಣ. ಮುನಿಯಾ ಅನ್ನಲಿಲ್ಲ. “ನಾಳೆ ಗಾಡಿ ಸರ್ವೀಸಿಗೆ ಬಿಡು. ಎಡಗಡೆ ಬ್ರೇಕು ಕಿರ್ ಅಂತೈತೆ. ಆ ನನ್ಮಗ ಒತ್ತಿ ಒತ್ತಿ ಸವೆಸವ್ನೆ.”

“ಆಯ್ತು, ಬಿಡ್ತೀನಿ.”

ಮುಂದೆ ಹಂಪು ಬಂತು. ಮುನಿಯಣ್ಣ ಗೇರ್ ಇಳಿಸಿ, ಮುಂದಿನ ಚಕ್ರ ಹತ್ತಿಸಿ, ಇಳಿಸಿ, ಹಿಂದಿನ ಚಕ್ರ ಹತ್ತಿಸಿ, ಇಳಿಸಿದ. ಹಿಂದಿನ ಸೀಟಿನಲ್ಲಿ ಚಿರಂತ್ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೂಸಲೆಂದು ರುದ್ರಮ್ಮ ತಟ್ಟೆಯಿಂದ ಅವನಿಗೆ ಕೊಟ್ಟಿದ್ದ ನಿಂಬೆಹಣ್ಣು ಕೈಯಿಂದ ಜಾರಿ, ಉರುಳಿ ಬಂದು ಅವಳ ಕಾಲಿಗೆ ತಾಗಿತು. ಮೈಯೆಲ್ಲ ಉಗುರಿನ ಗೀರು. ಅವಳು ಎತ್ತಿ ಸೆರಗಿಗೆ ಒರೆಸಿ ಕ್ಯಾನಿನೊಳಗೆ ಹಾಕಿಕೊಂಡಳು.

ಮಾರನೇ ದಿನ ಅದನ್ನು ಸಾರಿಗೆ ಹಿಂಡಿದಳು.