ಪುಸ್ತಕಕ್ಕೆ ಬದನೆಕಾಯಿ ಪಥ್ಯ

ಹಿರೇಕೊಡಿಗೆಯ ಪುಟ್ಟಪ್ಪನ ಮನೆಗೆ ಭಾನುವಾರ ಮತ್ತು ಗುರುವಾರ ಬೆಳಿಗ್ಗೆ ಬರುವವರು ಯಾರೂ ಕಾಫಿ ಕುಡಿಯುತ್ತಿರಲಿಲ್ಲ. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಿದ್ದರು. ಜಗಲಿಯ ತುದಿಯಲ್ಲಿ ಕೂತು, ಸರದಿ ಬಂದಾಗ ತಮ್ಮ ತೊಂದರೆ ಹೇಳಿಕೊಳ್ಳುತ್ತಿದ್ದರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಊಟ ಸೇರದು, ಇನ್ನೊಬ್ಬರಿಗೆ ನಾದಿನಿಯನ್ನು ಕಂಡರೆ ತಲೆ ಸಿಡಿಯುತ್ತದೆ. ಪುಟ್ಟಪ್ಪ ಸ್ವಲ್ಪ ಹೊತ್ತು ಅವರ ಮುಖ ನೋಡಿ ಒಂದು ಪುಸ್ತಕದ ಹೆಸರು ಹೇಳುತ್ತಿದ್ದ. ಬಂದವರು ಹೆಸರನ್ನು ಬಾಯಲ್ಲೇ ಉರುಹೊಡೆದು, ಹೊಸ್ತಿಲ ಬಳಿ ತೆಂಗಿನಕಾಯಿ ಇಟ್ಟು, ಹೋಗಿಬರುತ್ತೇನೆ ಎನ್ನದೆ, ತಿರುಗಿ ನೋಡದೆ ನಡೆದುಬಿಡುತ್ತಿದ್ದರು. ನಾಟಿ ಔಷಧಿ ತೆಗೆದುಕೊಂಡವರು ಹಾಗೆಯೇ ಹೋಗಬೇಕು.

ಪುಟ್ಟಪ್ಪ ನಾಟಿ ವೈದ್ಯನಲ್ಲ. ಊರಿನ ಟ್ಯಾಂಕಿಗೆ ನೀರು ಏರಿಸಿ, ಕೇರಿ ಕೇರಿಗೆ ವಾಲ್ವ್ ತಿರುಗಿಸಿ ಬಿಡುವುದು ಅವನ ಕೆಲಸ. ವೈದ್ಯನಾಗಿದ್ದವನು ಅವನ ಅಪ್ಪ. ಕಾಮಾಲೆಗೆ ಅಪ್ಪ ಕೊಡುತ್ತಿದ್ದ ಸೊಪ್ಪಿನ ರಸಕ್ಕೆ ಶೃಂಗೇರಿ ಕಡೆಯಿಂದಲೂ ಜನ ಬರುತ್ತಿದ್ದರು. ಮಗನಿಗೂ ಕಲಿಸೋಣವೆಂದು ಅಪ್ಪ ಅವನನ್ನು ಗುಡ್ಡಕ್ಕೆ ಕಳಿಸಿದ. ಮೊದಲ ಸಲ ಮಗ ತಪ್ಪು ಸೊಪ್ಪು ತಂದ. ಎರಡನೆಯ ಸಲ ಸರಿಯಾದ ಸೊಪ್ಪನ್ನೇ ತಂದು, ಓದುತ್ತಾ ಕೂತು, ಅದನ್ನು ದನ ತಿನ್ನುವವರೆಗೂ ನೋಡಲಿಲ್ಲ. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಔಷಧಿ ಅಪ್ಪನ ಜೊತೆಗೇ ಹೋಯಿತು.

ಆದರೆ ಕೈಗುಣ ಎಲ್ಲಿಗೆ ಹೋಗುತ್ತದೆ ಎಂಬುದು ಜನರ ಪ್ರಶ್ನೆ. ಅದು ರಕ್ತದಲ್ಲಿ ಬರುವುದು ಎಂದು ಅವರೇ ಉತ್ತರ ಹೇಳಿಕೊಂಡರು. ಹಾಗೆ ಮೊದಲು ಬಂದವರು ಸೀತೂರಿನ ಕಮಲಕ್ಕ. ಅವರಿಗೆ ನಿದ್ದೆ ಬರುತ್ತಿರಲಿಲ್ಲ.

"ನಂಗೆ ಔಷಧಿ ಗಿಷಧಿ ಗೊತ್ತಿಲ್ಲ ಕಮಲಕ್ಕ. ಬೇಕಾದ್ರೆ ಈ ಪುಸ್ತಕ ಓದಿ, ಬಾಳ ಚೆನ್ನಾಗಿದೆ" ಎಂದು ಪುಟ್ಟಪ್ಪ ಕೈಯಲ್ಲಿದ್ದುದನ್ನೇ ಕೊಟ್ಟ. ಎರಡು ಮನೆಯವರು ಒಂದು ಬೇಲಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆಯುವ ದಪ್ಪ ಕಾದಂಬರಿ ಅದು.

ಕಮಲಕ್ಕ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. "ಪಥ್ಯ ಎಂತದು?"

"ಪಥ್ಯ ಎಂತ ಇಲ್ಲ."

"ಪಥ್ಯ ಇಲ್ದಿದ್ದದ್ದು ಎಂತ ಔಷಧಿ ಮಾರಾಯ? ನಿಮ್ಮಪ್ಪ ಹಂಗೆ ಹೇಳ್ತಿರ್ಲಿಲ್ಲ."

ಅವರ ಮುಖದಲ್ಲಿ ಅಪನಂಬಿಕೆ ಮೂಡಿದ್ದನ್ನು ನೋಡಿ ಪುಟ್ಟಪ್ಪ, "ಹಂಗಾದ್ರೆ ಬದನೆಕಾಯಿ ಬೇಡ" ಎಂದುಬಿಟ್ಟ. ಕಮಲಕ್ಕ ಸಮಾಧಾನದಿಂದ ಹೊರಟರು. ಅಂದು ರಾತ್ರಿಯೇ, ಬೇಲಿಗೆ ಇನ್ನೂ ಗೂಟ ಹೊಡೆಯುವ ಮೊದಲೇ, ಅವರಿಗೆ ನಿದ್ದೆ ಬಂತು.

ಸುದ್ದಿ ಸುತ್ತಲಿನ ಮೂರು ತಾಲ್ಲೂಕಿಗೂ ಹಬ್ಬಿತು. ಕೊಪ್ಪದ ಲೈಬ್ರರಿಯಲ್ಲಿ ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರತೊಡಗಿದರು. ಲೈಬ್ರರಿ ನೋಡಿಕೊಳ್ಳುವ ಅನಿತಾ, "ಪುಸ್ತಕ ಹೇಗಿತ್ತು?" ಎಂದು ಕೇಳಿದರೆ ಕೈಮುಗಿದು ಓಡುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಮಾರುವವರು, ಇದ್ಯಾವ ಹೊಸ ವ್ರತ ಎಂದು ಪರಸ್ಪರ ವಿಚಾರಿಸಿಕೊಂಡರು.

ಪುಟ್ಟಪ್ಪನಿಗೆ ಮೊದಮೊದಲು ಇದರಿಂದ ಖುಷಿಯಾಯಿತು. ಮೋಟಾರು ಹಾಕಿ ಟ್ಯಾಂಕು ತುಂಬುವವರೆಗೆ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಓದಿದವನು ಅವನು. ಒಳ್ಳೆಯದೊಂದನ್ನು ಓದಿ ಮುಗಿಸಿದಾಗ ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕೆಂದು ನಾಲಿಗೆ ತುರಿಸುತ್ತಿತ್ತು. ಹೆಂಡತಿ ಗಂಗಾಂಬಿಕೆಯನ್ನು ಕೇಳಿದರೆ ಅವಳು ಪುಸ್ತಕವನ್ನು ದೂರ ತಳ್ಳಿ, "ನಂಗೆ ಎಂತಾಗಿದೆ ಅಂತ ಓದ್ಲಿ?" ಎನ್ನುತ್ತಿದ್ದಳು. ಈಗ ಇಷ್ಟು ಜನ ಓದುತ್ತಿದ್ದಾರೆ, ಒಬ್ಬರಾದರೂ ಬಂದು ಮಾತಿಗೆ ಕೂರುತ್ತಾರೆ ಎಂದು ಅವನು ಕಾದ.

ಯಾರೂ ಕೂರಲಿಲ್ಲ. ನಾಟಿ ಔಷಧಿಗೆ ಇನ್ನೊಂದು ನಿಯಮವಿದೆ. ತೆಗೆದುಕೊಂಡದ್ದು ಏನು, ಹೇಗಿತ್ತು ಎಂದು ಬಾಯಿಬಿಟ್ಟರೆ ಅದರ ಗುಣ ಹೋಗಿ ಕಾಯಿಲೆ ಮರಳುತ್ತದೆ. ಓದಿದವರು ವಾಸಿಯಾದರು, ಪುಟ್ಟಪ್ಪನನ್ನು ದಾರಿಯಲ್ಲಿ ಕಂಡರೆ ತುಟಿ ಬಿಗಿದು ನಕ್ಕು ಮುಂದೆ ಹೋದರು. ಕಮಲಕ್ಕನನ್ನು ಒಮ್ಮೆ ಬಸ್ಸಿನಲ್ಲಿ ಹಿಡಿದು, "ಕಡೆಗೆ ಆ ಬೇಲಿ ಯಾರಿಗಾಯ್ತು ಅಂತ ಗೊತ್ತಾಯ್ತಾ?" ಎಂದು ಕೇಳಿದ. ಕಮಲಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಇಳಿಯಬೇಕಾದ ಸ್ಟಾಪಿಗಿಂತ ಮೊದಲೇ ಇಳಿದುಬಿಟ್ಟರು.

ಅವನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕತ್ತೆಯ ಕಾದಂಬರಿ. ನಿವೃತ್ತ ಹೆಡ್‌ಮಾಸ್ಟರೊಬ್ಬರು ಹಾಜರಿ ಕರೆಯುವ ಚಟ ಬಿಡಲಾರದೆ ಒಂದು ಕತ್ತೆ ತಂದು, ದಿನಾ ಬೆಳಿಗ್ಗೆ ಅದರ ಹೆಸರು ಕೂಗುತ್ತಾರೆ. ಕತ್ತೆ ದಿನವೂ ಓಗೊಡುತ್ತದೆ. ಕೊನೆಯ ಅಧ್ಯಾಯದಲ್ಲಿ ಹೆಸರು ಕೂಗಿದಾಗ ಉತ್ತರ ಬರುವುದಿಲ್ಲ. ಹೆಡ್‌ಮಾಸ್ಟರು 'ಗೈರು' ಎಂದು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಕತ್ತೆ ಎಲ್ಲಿಗೆ ಹೋಯಿತು? ಎಷ್ಟೋ ವರ್ಷಗಳಿಂದ ಪುಟ್ಟಪ್ಪ ಒಬ್ಬನೇ ಕೇಳಿಕೊಂಡು, ಒಬ್ಬನೇ ಉತ್ತರ ಹೇಳಿಕೊಂಡು ಸುಸ್ತಾಗಿದ್ದ.

ಆಗ ಬಂದವನು ಇಸಾಕ್. ಕೊಪ್ಪದಲ್ಲಿ ಅವನದು ಚಪ್ಪಲಿ ಅಂಗಡಿ. ಅವನಿಗೆ ಬಿಕ್ಕಳಿಕೆ ಹಿಡಿದು ಬಿಡುತ್ತಿರಲಿಲ್ಲ. ಗಿರಾಕಿಯ ಪಾದ ಹಿಡಿದು ಚಪ್ಪಲಿ ತೊಡಿಸುವ ಹೊತ್ತಿಗೆ ಸರಿಯಾಗಿ ಬಿಕ್ಕಳಿಸಿ ಅವನು ಇಬ್ಬರು ಹೆಂಗಸರನ್ನು ಸ್ಟೂಲಿನಿಂದ ಬೀಳಿಸಿದ್ದ. ಪುಟ್ಟಪ್ಪ ಬೇಕೆಂದೇ ಕತ್ತೆಯ ಕಾದಂಬರಿ ಹೇಳಿದ. ಅದನ್ನು ಓದಿ ನಕ್ಕೂ ನಕ್ಕೂ ಇಸಾಕನ ಬಿಕ್ಕಳಿಕೆ ನಿಂತುಹೋಯಿತು.

ವಿಷಯ ತಿಳಿದ ದಿನವೇ ಪುಟ್ಟಪ್ಪ ಕೊಪ್ಪಕ್ಕೆ ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂತ.

"ಇಸಾಕ್ ಸಾಬ್ರೆ, ಆ ಕತ್ತೆ..."

"ಎಂಟು ನಂಬರಾ, ಒಂಬತ್ತಾ?" ಎಂದ ಇಸಾಕ್, ಅವನ ಪಾದ ನೋಡುತ್ತಾ.

"ಚಪ್ಪಲಿ ಬೇಡ ಮಾರಾಯ್ರೆ. ಕಡೇ ಅಧ್ಯಾಯದಲ್ಲಿ ಕತ್ತೆ ಎಲ್ಲಿಗೆ ಹೋಯ್ತು ಅಂತ ಅನ್ಸ್ತು ನಿಮ್ಗೆ?"

ಇಸಾಕನ ಮುಖ ಕೆಂಪಾಯಿತು. ಅವನೊಳಗೂ ಏನೋ ತುದಿನಾಲಿಗೆಗೆ ಬಂದು ನಿಂತದ್ದು ಪುಟ್ಟಪ್ಪನಿಗೆ ಕಂಡಿತು.

"ಹೇಳ್ಬಾರ್ದು ಪುಟ್ಟಪ್ಪಣ್ಣ. ಹೇಳಿದ್ರೆ ಮತ್ತೆ ಶುರುವಾಗ್ತದೆ. ಮದುವೆ ಸೀಸನ್ನು, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ನಾನೇ ಕೊಟ್ಟಿದ್ದಲ್ವಾ? ನನ್ನ ಹತ್ರ ಹೇಳಿದ್ರೆ ಎಂತ ಆಗ್ತದೆ?"

"ಡಾಕ್ಟ್ರ ಹತ್ರ ಮಾತ್ರೆ ರುಚಿ ಹೆಂಗಿತ್ತು ಅಂತ ಯಾರಾದ್ರೂ ಹೇಳ್ತಾರಾ? ಒಂಬತ್ತು ನಂಬರು ತೋರಿಸ್ಲಾ?"

ಪುಟ್ಟಪ್ಪ ಬೇಡವಾದ ಒಂದು ಜೊತೆ ಚಪ್ಪಲಿ ಕೊಂಡು ಮನೆಗೆ ಬಂದ. ಅವನು ಊಟ ಬಿಟ್ಟು ಕೂತದ್ದನ್ನು ನೋಡಿ ಗಂಗಾಂಬಿಕೆಗೆ ರೇಗಿತು.

"ಎಂತದು ಮಾರಾಯ್ರೆ ನಿಮ್ದು? ಇಲ್ಲದ ಕತ್ತೆಗೆ ಇದ್ದ ಅನ್ನ ಬಿಡ್ತೀರಾ?"

"ಒಬ್ಬರೂ ಮಾತಾಡಲ್ಲ ಅಂದ್ರೆ ಹೆಂಗೆ ಹೇಳು."

"ಹೆಂಗೆ ಮಾತಾಡ್ತಾರೆ? ತಗೊಂಡೋರು ಬಾಯಿ ಬಿಡಬಾರ್ದು. ಕೊಡೋರು ಕೊಡೋರು ಮಾತಾಡಿದ್ರೆ ದೋಷ ಇಲ್ಲ. ಮಾವಯ್ಯ ಬೇಗಾರಿನ ಪಂಡಿತರು ಬಂದಾಗ ಇಡೀ ದಿನ ಬೇರು ನಾರು ಅಂತ ಕೂತಿರ್ತಿರ್ಲಿಲ್ವಾ?"

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಇಸಾಕ್ ಮಾತಾಡಬೇಕಾದರೆ ಅವನೂ ಕೊಡುವವನಾಗಬೇಕು. ಕೈಗುಣ ಅವನ ರಕ್ತದಲ್ಲಿಲ್ಲ, ಕೊಡುವವನಾಗಬೇಕಾದರೆ ಪುಟ್ಟಪ್ಪ ತನ್ನದನ್ನೇ ಅವನಿಗೆ ದಾಟಿಸಬೇಕು. ದಾಟಿಸಿದ ಮೇಲೆ ಕೊಟ್ಟವನ ಕೈಯಲ್ಲಿ ಗುಣ ಉಳಿಯುವುದಿಲ್ಲ. ಜಗಲಿಯ ಮೇಲೆ ಜನ ಇರುವುದಿಲ್ಲ, ಪುಟ್ಟಪ್ಪ ಬರೀ ನೀರು ಬಿಡುವವನಾಗುತ್ತಾನೆ. ಈ ಮನೆ ತೆಂಗಿನಕಾಯಿ ಕೊಂಡು ವರ್ಷಗಳಾಗಿದ್ದವು.

"ಆಡಿದ್ದು ವಾಪಸ್ ತಗೊಂಡೆ. ಊಟ ಮಾಡಿ" ಎಂದಳು ಗಂಗಾಂಬಿಕೆ.

ಪುಟ್ಟಪ್ಪ ಆಗಲೇ ಫೋನು ಕೈಗೆತ್ತಿಕೊಂಡಿದ್ದ.

ಮರುದಿನ ಬೆಳಿಗ್ಗೆ ಇಸಾಕ್ ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು, ಖಾಲಿ ಹೊಟ್ಟೆಯಲ್ಲಿ ಪಂಪ್‌ಹೌಸಿಗೆ ಬಂದ. ಮೋಟಾರು ಓಡುತ್ತಿತ್ತು. ದಾಟಿಸುವಾಗ ಕಿವಿಯಲ್ಲಿ ಗುಟ್ಟು ಹೇಳಬೇಕು. ಹೇಳಲು ಪುಟ್ಟಪ್ಪನ ಹತ್ತಿರ ಗುಟ್ಟೇ ಇರಲಿಲ್ಲ. ಸ್ವಲ್ಪ ಯೋಚಿಸಿ, ಇಸಾಕನ ಕಿವಿಯ ಹತ್ತಿರ ಬಗ್ಗಿ, "ಹತ್ತು ಪುಟದೊಳಗೆ ಹಿಡಿಸ್ಲಿಲ್ಲ ಅಂದ್ರೆ ಬೇರೆ ಕೊಡಿ. ಹಿಡಿಸ್ಲೇಬೇಕು ಅಂತ ಹಟ ಮಾಡ್ಬೇಡಿ" ಎಂದ.

"ಅಷ್ಟೇಯಾ?"

"ಅಷ್ಟೇ."

"ನಮ್ಮ ಚಪ್ಪಲಿದೂ ಅದೇ ಅಲ್ವಾ!" ಎಂದು ಇಸಾಕ್ ಬೆರಗಾದ. ಆಮೇಲೆ ಸುತ್ತ ನೋಡಿ, ತಾನು ಈಗ ಕೊಡುವವನೆಂದು ಖಾತ್ರಿ ಮಾಡಿಕೊಂಡು, ಒಂದೇ ಉಸಿರಿಗೆ ಹೇಳಿದ. "ಕತ್ತೆ ಎಲ್ಲಿಗೂ ಹೋಗಿಲ್ಲ ಪುಟ್ಟಪ್ಪಣ್ಣ. ಹೆಡ್‌ಮಾಸ್ಟರ ಹೆಂಡ್ತಿ ಮಾರಿದ್ದು!"

ಪುಟ್ಟಪ್ಪ ಜೋರಾಗಿ ತಲೆ ಕೊಡವಿದ. "ಸಾಧ್ಯವೇ ಇಲ್ಲ. ಕತ್ತೆ ಕಾಡಿಗೆ ಹೋಗಿದೆ. ಅದಕ್ಕೂ ರಿಟೈರ್ ಆಗ್ಬೇಕು ಅನ್ಸಿದೆ."

"ಕಾಡಿಗೆ ಹೋದ್ರೆ ಆಯಮ್ಮನಿಗೆ ಚಪ್ಪಲಿ ಎಲ್ಲಿಂದ ಬಂತು? ಇಡೀ ಪುಸ್ತಕದಲ್ಲಿ ಬರಿಗಾಲು. ಕಡೇ ಅಧ್ಯಾಯದಲ್ಲಿ ಬಾಗಿಲ ಹತ್ರ ಚಪ್ಪಲಿ ಬಿಟ್ಟು ಒಳಗೆ ಬರ್ತಾಳೆ. ನೀವು ಎಂತ ಓದಿದ್ದು?"

"ಹದಿನೈದು ಸಲ ಓದಿದ್ದೇನೆ ಮಾರಾಯ್ರೆ! ಆಯಮ್ಮ ಅಂಥೋಳಲ್ಲ. ಕತ್ತೆಗೆ ಕಾಫಿ ಕೊಟ್ಟೋಳು ಅವಳು!"

"ಕಾಫಿ ಕೊಟ್ಟೋರು ಮಾರಲ್ಲ ಅಂತ ಯಾರು ಹೇಳಿದ್ದು?"

ಅಷ್ಟರಲ್ಲಿ ಇಸಾಕ್ ಒಮ್ಮೆ ಬಿಕ್ಕಳಿಸಿದ. ಇಬ್ಬರೂ ಕಲ್ಲಾದರು. ಪುಟ್ಟಪ್ಪ ಉಸಿರು ಹಿಡಿದು ಅವನ ಗಂಟಲನ್ನೇ ನೋಡಿದ. ಎರಡನೆಯ ಬಿಕ್ಕಳಿಕೆ ಬರಲಿಲ್ಲ. ಖಾಲಿ ಹೊಟ್ಟೆಯದು ಎಂದು ತೀರ್ಮಾನಿಸಿ ಅವರು ಮತ್ತೆ ಕಚ್ಚಾಡಲು ಶುರುಮಾಡಿದರು. ಟ್ಯಾಂಕು ತುಂಬಿ, ಉಕ್ಕಿ, ರಸ್ತೆಯವರೆಗೆ ಹರಿಯಿತು. ಪುಟ್ಟಪ್ಪನ ಫೋನು ಒಂದೇ ಸಮ ಬಡಿದುಕೊಂಡಿತು. ಕಡೆಗೆ ಗಂಗಾಂಬಿಕೆ ಸೀರೆ ಎತ್ತಿ ಹಿಡಿದು ನೀರು ದಾಟಿಕೊಂಡು ಬಂದು ತಾನೇ ಸ್ವಿಚ್ಚು ಆರಿಸಿದಳು. ಗಂಡ ಪಾದ ನೀರಲ್ಲಿಟ್ಟುಕೊಂಡೇ ಚಪ್ಪಲಿಯ ಬಗ್ಗೆ ವಾದಿಸುತ್ತಿದ್ದ. ಅಂಥ ಖುಷಿಯ ಮುಖವನ್ನು ಅವಳು ಜಗಲಿಯ ಮೇಲೆ ಯಾವತ್ತೂ ನೋಡಿರಲಿಲ್ಲ. ಬೈಯಲೆಂದು ಬಂದವಳು, "ಇಬ್ರಿಗೂ ತಿಂಡಿ ಮಾಡಿದ್ದೇನೆ, ಬನ್ನಿ" ಎಂದಳು.

ಈಗ ಜನ ಕೊಪ್ಪಕ್ಕೇ ಹೋಗುತ್ತಾರೆ. ಇಸಾಕ್ ಮೊದಲು ಪಾದ ನೋಡಿ, ಆಮೇಲೆ ಮುಖ ನೋಡಿ ಪುಸ್ತಕ ಹೇಳುತ್ತಾನೆ. ಪಥ್ಯ ಬದನೆಕಾಯಿಯೇ. ಗಂಗಾಂಬಿಕೆ ತೆಂಗಿನಕಾಯಿ ಕೊಳ್ಳುತ್ತಾಳೆ, ಕೊಳ್ಳುವಾಗಲೆಲ್ಲ ಆ ಕತ್ತೆಯನ್ನು ಬೈಯುತ್ತಾಳೆ.

ಭಾನುವಾರ ಊರಿಗೆ ನೀರು ಬಿಟ್ಟು ಮುಗಿಸಿ ಪುಟ್ಟಪ್ಪ ಬಸ್ಸು ಹತ್ತುತ್ತಾನೆ. ಸರದಿಯಲ್ಲಿ ಕಾದವರನ್ನೆಲ್ಲ ದಾಟಿ ಒಳಗೆ ಹೋಗಿ ಚಪ್ಪಲಿ ತೊಡುವ ಸ್ಟೂಲಿನ ಮೇಲೆ ಕೂರುತ್ತಾನೆ. ಇಸಾಕ್ ಎದುರಿಗೆ ಕೂರುತ್ತಾನೆ. ಔಷಧಿಯ ಮಾತು ಹೊರಗಿನವರ ಕಿವಿಗೆ ಬೀಳಬಾರದೆಂದು ಗಾಜಿನ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹೊರಗಿನವರಿಗೆ ಕಾಣುವುದಿಷ್ಟೇ: ಪುಟ್ಟಪ್ಪ ಕೈ ಬೀಸುತ್ತಾನೆ, ಹಣೆ ಚಚ್ಚಿಕೊಳ್ಳುತ್ತಾನೆ, ಎದ್ದು ನಿಲ್ಲುತ್ತಾನೆ, ಮತ್ತೆ ಕೂರುತ್ತಾನೆ.

ಸರದಿಯಲ್ಲಿ ಮುಂದಿದ್ದ ಕಮಲಕ್ಕ ಕಳೆದ ವಾರ ಗಾಜಿಗೆ ಮೂಗು ತಾಗಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ ಹಿಂದಿದ್ದವರ ಕಡೆ ತಿರುಗಿ ದನಿ ತಗ್ಗಿಸಿದರು.

"ಪಾಪ, ಎಷ್ಟು ಜನಕ್ಕೆ ವಾಸಿ ಮಾಡಿದ ಮನುಷ್ಯ. ಅವರ ಕಾಯಿಲೆಗೆ ಮಾತ್ರ ಔಷಧಿ ಹತ್ತೋದೇ ಇಲ್ಲ ನೋಡಿ. ಪ್ರತಿ ವಾರ ಬತ್ತಾರೆ."