ಚೀಲದ ಕಿವಿಯಲ್ಲಿ ಹೇಳಿದ ಹೆಸರು

ಕೊಳಕೂರದ ಹೊಲವೊಂದರಲ್ಲಿ ತೊಗರಿ ಗಿಡ ಕಿತ್ತು, ಬೇರಿನ ಗಂಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದೆ. ಏನದು ಎಂದು ಹೊಲದ ಒಡತಿ ಶಾಂತವ್ವ ಕೇಳಿದರು.

"ಇದರಾಗ ಕಣ್ಣಿಗಿ ಕಾಣಲಾರದ ಬ್ಯಾಕ್ಟೀರಿಯಾ ಅದಾವ್ರಿ ಯವ್ವಾ. ಹೊಸ ಜಾತಿ ಅಂತ ಗೊತ್ತಾದ್ರ ಹೆಸರಿಡ್ತೀವಿ."

"ಹೆಸರು ಸೋದರತ್ತಿ ಇಡಬೇಕಲ್ರಿ. ನಮ್ಮಣ್ಣಗ ಮಕ್ಕಳಾಗ್ಲಿಲ್ಲ. ನಾ ಯಾವ ಕೂಸಿನ ಕಿವ್ಯಾಗೂ ಹೆಸರು ಹೇಳಿಲ್ಲ. ಇಲ್ಲಿ ಕೊಡ್ರಿ."

ಚೀಲದ ಬಾಯಿಗೆ ತುಟಿ ಹಚ್ಚಿ ಏನೋ ಪಿಸುಗುಟ್ಟಿದರು. ಅಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರಿರಬೇಕು. ಯಾವ ಹೆಸರೆಂದು ನಾನು ಕೇಳಲಿಲ್ಲ, ನಕ್ಕು ಚೀಲದ ಬಾಯಿ ಕಟ್ಟಿದೆ.

ಎರಡು ವರ್ಷದ ಪರೀಕ್ಷೆಗಳ ನಂತರ ಅದು ಹೊಸ ಜಾತಿಯೇ ಎಂದು ಖಚಿತವಾಯಿತು. ಆ ಹೆಸರು ಕೇಳಲು ಹೋದರೆ ಶಾಂತವ್ವ ತೀರಿಕೊಂಡಿದ್ದರು. ಲ್ಯಾಟಿನ್ನಿನಲ್ಲಿ ನಾನೇ ಒಂದು ಇಟ್ಟೆ.

ನಮ್ಮ ಶಾಸ್ತ್ರದಲ್ಲಿ ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬ ನಿಯಮವಿದೆ. ನನ್ನದು ಎರಡನೆಯದೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ.