ಮನೆಗೊಂದು ಮಡಿ, ಪೇಟೆಗೊಂದು ಮಡಿ

ಗಡಹಿಂಗ್ಲಜ ಕಡೆಯಿಂದ ಇಚಲಕರಂಜಿ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ, ಒಂದೇ ಹೊಲದಲ್ಲಿ ಪಾಲಕ್ ಸೊಪ್ಪಿಗೆ ಎರಡು ಜಾಗ ಯಾಕೆಂದು ನನಗೆ ತಿಳಿಯಲಿಲ್ಲ. ಬಾವಿಯ ಪಕ್ಕದ ಪುಟ್ಟ ಮಡಿ ಮನೆಗೆ. ಕೆಳಗಿನ ದೊಡ್ಡ ತುಂಡು ಪೇಟೆಗೆ. ಅದಕ್ಕೆ ನಾಲಾದ ನೀರು. ಊರ ಗಟಾರವೂ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರೂ ಕೂಡಿ ಹರಿಯುವ ನಾಲಾ. ಬಣ್ಣ ದಿನಕ್ಕೊಂದು, ನಾತ ಮಾತ್ರ ಒಂದೇ. ಆ ನೀರಿಗೆ ಪಾಲಕ್ ಅಂಗೈಗಿಂತ ಅಗಲವಾಗಿ, ಕಡುಹಸಿರಾಗಿ ಬೆಳೆಯುತ್ತಿತ್ತು. ಕಿತ್ತ ಸೊಪ್ಪನ್ನು ಅದೇ ನೀರಲ್ಲಿ ಅದ್ದಿ, ತಾಜಾ ಕಾಣುವಂತೆ ಮಾಡಿ ಪೇಟೆಗೆ ಕಳಿಸುತ್ತಿದ್ದರು.

ನನ್ನ ಜೊತೆ ಕಳೆ ತೆಗೆಯಲು ಕುರಿ ಸಾಕುವ ಮನೆಯ ಹೆಂಗಸೊಬ್ಬಳು ಬರುತ್ತಿದ್ದಳು. ಇಬ್ಬರ ಕಾಲ್ಬೆರಳ ಸಂದಿಯಲ್ಲೂ ತುರಿಕೆ, ಅವಳದು ಹುಣ್ಣಾಗಿತ್ತು. ಸಂಜೆ ಹೋಗುವಾಗ ಕೆಳಗಿನ ಹೊಲದ್ದೇ ಒಂದು ಪೆಂಡಿ ಸೊಪ್ಪು ಅವಳ ಕೈಗೆ ಸಿಗುತ್ತಿತ್ತು. ಒಂದು ದಿನ ಆಕೆ ತಡವಾಗಿ ಬಂದಳು.

"ಮಗಳಿಗೆ ಮತ್ತ ಹೊಟ್ಟಿಬ್ಯಾನಿರಿ. ಜಂತಾಗ್ಯಾವಂತ. ಗಟಾರದ ನೀರಿನ ಪಲ್ಯೆ ಮನ್ಯಾಗ ತರಬ್ಯಾಡ್ರಿ ಅಂದಾನ ಡಾಕ್ಟರ್." ಕುಡುಗೋಲು ಕೈಗೆ ತೆಗೆದುಕೊಂಡು, "ನೀವು ಇದನ್ನ ತಿಂತೀರೇನ್ರಿ ಅಕ್ಕಾ?" ಅಂದಳು.

"ಇಲ್ಲ," ಅಂದೆ. "ನಾವು ಬಾವಿ ಮಡೀದು ತಿಂತೇವಿ."

ಆಕೆ ಬಗ್ಗಿ ಸೊಪ್ಪು ಕೊಯ್ಯತೊಡಗಿದಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಅವತ್ತು ಕೆಳಗಿನ ಹೊಲದ ಸೊಪ್ಪನ್ನೇ ಮನೆಗೆ ತಂದು ಪಲ್ಯ ಮಾಡಿದೆ. ಹೊತ್ತು ಮುಳುಗುವ ಮೊದಲು ಮಾವ, ಗಂಡ ಊಟಕ್ಕೆ ಕೂತರು. ಮಾವನಿಗೆ ನೋಡಿದ ಕೂಡಲೇ ಅನುಮಾನ ಬಂತು.

"ಇದು ಯಾವ ಮಡೀದು?"

"ಕೆಳಗಿಂದ್ರಿ."

ಗಂಡ ತಾಟು ದೂಡಿದ. "ತಲಿ ಕೆಟ್ಟೈತೇನ ನಿಂಗ?"

"ಯಾಕ, ಪ್ಯಾಟ್ಯಾಗ ತಗೊಳ್ಳೋರ ಹೊಟ್ಟಿ ಬ್ಯಾರೆ ಐತೇನ? ಸಣ್ಣ ಜೀವ ಸಾಯಬಾರದಂತ ಅರಿವೀಲೆ ನೀರ ಸೋಸಿ ಕುಡಿಯೋ ಜೈನ ಮಂದಿ ನಾವು. ಮಂದೀ ಮಕ್ಕಳು ಜೀವ ಅಲ್ಲೇನ?"

"ಎಲ್ಲಾರೂ ಅದ ನೀರ ಹಾಯಿಸ್ತಾರವಾ," ಅಂದರು ಮಾವ, ಮೆಲ್ಲಗೆ.

"ಹಾಯಿಸ್ಲಿ. ನಾ ಇನ್ನ ಆ ಹೊಲದಾಗ ಕಾಲಿಡೂದಿಲ್ಲ. ಪೆಂಡಿ ಕಟ್ಟೂದಿಲ್ಲ."

ನನ್ನ ತಾಟಿಗೂ ಅದೇ ಪಲ್ಯ ಬಡಿಸಿಕೊಂಡು ತುತ್ತು ಎತ್ತಿದೆ. ಮಾವ ಥಟ್ಟನೆ ನನ್ನ ತಾಟು ಎಳೆದುಕೊಂಡರು. "ನೀ ತಿನ್ನಬ್ಯಾಡ," ಅಂದರು.

ಮರುದಿನದಿಂದ ನಾನು ಕೆಳಗಿನ ಹೊಲಕ್ಕೆ ಹೋಗಲಿಲ್ಲ. ನಾನಿಲ್ಲದೆ ಆ ಹೆಂಗಸೂ ಹೋಗಲಿಲ್ಲ. ಕೀಳುವವರಿಲ್ಲದೆ ಪಾಲಕ್ ಬಲಿತು ಹೂವಿಗೆ ಬಂತು. ಕೊನೆಗೆ ಮಾವನೇ ನಾಲಾದಿಂದ ಪಂಪು ಎತ್ತಿಸಿದರು. ಈಗ ಕೆಳಗೆ ಬರೀ ಮಳೆ ನೀರಿಗೆ ಬರುವ ಸೋಯಾಬೀನ್. ಸೊಪ್ಪು ಬಾವಿ ನೀರು ಸಾಲುವಷ್ಟೇ. ಮನೆಗೂ ಪೇಟೆಗೂ ಒಂದೇ ಮಡಿಯದು.

"ನಾಲಾ ಕೂಡಿ ನದೀನ ಕರ್ರಗಾಗೈತಿ, ನಿನ್ನೊಂದು ಹೊಲದಿಂದ ಏನಾಗ್ತೈತಿ?" ಎಂದು ಪಕ್ಕದ ಹೊಲದವರು ಈಗಲೂ ನಗುತ್ತಾರೆ. ನಗಲಿ. ಈ ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಗಂಡ ನಾಲಾದಿಂದ ನೀರೆತ್ತುತ್ತಿದ್ದ ಹಳೆಯ ಪೈಪು ಹುಡುಕಿದ. ಅದನ್ನು ನಾನು ಆಗಲೇ ಗುಜರಿಯವನಿಗೆ ಹಾಕಿದ್ದೆ.